ಮಡಿಕೇರಿಯ ದಾರಿಯಲ್ಲಿ ಮೌನವಾದ ರೇಡಿಯೊ

ಮೈಸೂರಿನಿಂದ ಪಶ್ಚಿಮಾಭಿಮುಖವಾಗಿ ಹೊರಡುವ ಹೆದ್ದಾರಿಯು ಇಲವಾಲ, ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ, ಕುಶಾಲನಗರದ ಬಳಿ ಕಾವೇರಿಯನ್ನು ಹಾಯ್ದು ಕೊಡಗನ್ನು ಪ್ರವೇಶಿಸುತ್ತದೆ. ಅಲ್ಲಿಂದ ಮುಂದೆ ಆನೆಕಾಡು, ಸುಂಟಿಕೊಪ್ಪಗಳ ಮೂಲಕ ಏರುತ್ತೇರುತ್ತ ಮಡಿಕೇರಿಯನ್ನು ಮುಟ್ಟಿ, ಸಂಪಾಜೆಯ ಘಟ್ಟದಲ್ಲಿ ಕೆಳಗಿಳಿದು, ಸುಳ್ಯ, ಪುತ್ತೂರುಗಳನ್ನು ಹಿಂದಿಕ್ಕಿ ಮಂಗಳೂರಿನ ಕಡೆಗೆ ಸಾಗುತ್ತದೆ. ಒಟ್ಟು ಸುಮಾರು ೨೫೦ ಕಿಲೋಮೀಟರುಗಳ ಈ ಹಾದಿಯಲ್ಲಿ ಬಯಲುಸೀಮೆ, ಮಲೆನಾಡು, ಕರಾವಳಿ ಮೂರನ್ನೂ ಒಂದೇ ದಿನದಲ್ಲಿ ಕಾಣಬಹುದು. ರಾಗಿಯ ಹೊಲಗಳು ಮುಗಿಯುತ್ತಲೇ ಹೊಗೆಸೊಪ್ಪಿನ ಬ್ಯಾರನ್ನುಗಳು, ಅವು ಮುಗಿಯುತ್ತಲೇ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳು, ಅವನ್ನೂ ದಾಟಿದರೆ ಅಡಿಕೆಯ ತೋಟಗಳು.

ಕಣ್ಣಿಗೆ ಕಾಣುವ ಈ ಸೀಮೆಗಳಲ್ಲದೆ ಕಿವಿಗೆ ಮಾತ್ರ ತಿಳಿಯುವ ಸೀಮೆಗಳೂ ಈ ಹಾದಿಯಲ್ಲಿವೆ. ಹೊರಡುವಾಗ ಮೈಸೂರು ಆಕಾಶವಾಣಿ ೧೦೦.೬ರಲ್ಲಿ ಜೊತೆಗೂಡುತ್ತದೆ, ಏರುದಾರಿಯಲ್ಲಿ ಮಡಿಕೇರಿಯ ಕೇಂದ್ರ ೧೦೩.೧ರಲ್ಲಿ ಎದುರುಗೊಳ್ಳುತ್ತದೆ, ಘಟ್ಟ ಇಳಿದ ಮೇಲೆ ಮಂಗಳೂರಿನ ಕೇಂದ್ರ ೧೦೦.೩ರಲ್ಲಿ ಕೈಹಿಡಿಯುತ್ತದೆ. ಕಾರಿನಲ್ಲಿ ರೇಡಿಯೊ ಇಟ್ಟುಕೊಂಡು ಈ ದಾರಿಯನ್ನು ಹಲವು ಬಾರಿ ಕ್ರಮಿಸಿದವರಿಗೆ ಮೈಲುಗಲ್ಲುಗಳಿಗಿಂತ ಈ ಧ್ವನಿಗಳೇ ಊರು ಎಷ್ಟು ಹತ್ತಿರ ಬಂತೆಂಬುದನ್ನು ತಿಳಿಸುತ್ತವೆ. ಆ ಧ್ವನಿ ನಡುದಾರಿಯಲ್ಲಿ ಹಠಾತ್ತನೆ ನಿಂತುಹೋದರೆ ಏನು ಮಾಡಬೇಕು? ಎಲ್ಲಿಂದ ಹುಡುಕಬೇಕು? ಅಂಥದೊಂದು ಪ್ರಯಾಣದ ಅನುಭವವನ್ನೂ ಅದರಿಂದ ನಾವು ಕಲಿತುದನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಆಕಾಶವಾಣಿ ಹುಟ್ಟಿದ ಊರಿನಿಂದ

ರೇಡಿಯೊವಿನ ಮಾತನ್ನು ಮೈಸೂರಿನಿಂದ ಆರಂಭಿಸುವುದು ಉಚಿತವೇ ಆಗಿದೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರ ಯಂತ್ರವನ್ನು ಸ್ಥಾಪಿಸಿ ಬಾನುಲಿಯನ್ನು ಪ್ರಾರಂಭಿಸಿದರು. ಆ ಯಂತ್ರದ ಶಕ್ತಿ ಕೇವಲ ೩೦ ವ್ಯಾಟ್. ಇಂದು ನಮ್ಮ ಮನೆಯ ಒಂದೆರಡು ದೀಪಗಳು ಬಳಸುವಷ್ಟು ವಿದ್ಯುತ್ತಿನಿಂದ ಒಂದು ನಗರಕ್ಕೆ ಸಂಗೀತವನ್ನೂ ಸಾಹಿತ್ಯವನ್ನೂ ಕೇಳಿಸಿದ ಸಾಹಸವದು. ಆ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ರಾಷ್ಟ್ರದ ಬಾನುಲಿಗೆ ಹೆಸರಾಯಿತು. ಯಾದವಗಿರಿಯ ಆಕಾಶವಾಣಿ ಕೇಂದ್ರದ ಮುಂದೆ ಹಾದುಹೋಗುವಾಗಲೆಲ್ಲ ಹಳೆಯ ತಲೆಮಾರಿನ ಮೈಸೂರಿಗರು ಇದನ್ನು ಅಭಿಮಾನದಿಂದ ನೆನೆಯುತ್ತಾರೆ.

ನಮ್ಮ ತಾಯಿಯವರು ಆ ತಲೆಮಾರಿಗೆ ಸೇರಿದವರು. ಎಂಬತ್ತು ದಾಟಿದ ಅವರಿಗೆ ಕಣ್ಣು ಮಂದವಾಗಿ ಎಷ್ಟೋ ವರ್ಷಗಳಾದುವು. ಪತ್ರಿಕೆ ಓದಲಾರರು, ದೂರದರ್ಶನದ ಚಿತ್ರ ಕಾಣದು. ಬೆಳಗಿನ ಚಿಂತನದಿಂದ ರಾತ್ರಿಯ ವಾರ್ತೆಯವರೆಗೆ ಅವರ ದಿನವನ್ನು ನಡೆಸುವುದು ರೇಡಿಯೊ. ಅವರ ಅಣ್ಣ, ಎಂದರೆ ನಮ್ಮ ಸೋದರಮಾವ, ಶನಿವಾರಸಂತೆಯ ಬಳಿ ಕಾಫಿ, ಮೆಣಸು ಬೆಳೆದು ಬಾಳಿದವರು. ೨೦೨೩ರ ಸೆಪ್ಟೆಂಬರಿನಲ್ಲಿ ಮಡಿಕೇರಿಯ ಕೇಂದ್ರದವರು ರೈತರ ಕಾರ್ಯಕ್ರಮಕ್ಕಾಗಿ ಅವರ ಅನುಭವವನ್ನು ಧ್ವನಿಮುದ್ರಿಸಿಕೊಂಡಿದ್ದರು. ಅದಾದ ಮೂರು ವಾರಗಳಿಗೆ ಮಾವನಿಗೆ ಪಾರ್ಶ್ವವಾಯು ತಗುಲಿತು. ಜೀವಕ್ಕೆ ಅಪಾಯವಾಗಲಿಲ್ಲ, ಆದರೆ ಮಾತು ತೊದಲಿ, ಆಡಿದ್ದು ಹತ್ತಿರದವರಿಗೂ ಅರ್ಥವಾಗದಂತಾಯಿತು. ಮಡಿಕೇರಿಯಲ್ಲಿದ್ದ ಮಗನು ಅವರನ್ನು ತನ್ನ ಮನೆಗೆ ಕರೆತಂದು ಇರಿಸಿಕೊಂಡನು.

ನವೆಂಬರಿನಲ್ಲಿ ಅಲ್ಲಿಂದ ಫೋನು ಬಂತು. ಮಾವನ ಮಾತುಗಳು ಶುಕ್ರವಾರ ಸಂಜೆ ಏಳು ಗಂಟೆಗೆ ಮುಂಚೆ ಪ್ರಸಾರವಾಗುವುವೆಂದು ಸುದ್ದಿ. ಅವರನ್ನು ನೋಡಲು ನಾವು ಹೊರಡಬೇಕೆಂದಿದ್ದುದೂ ಆ ಶುಕ್ರವಾರವೇ. ಮಗನು ಕಚೇರಿಯಿಂದ ಬಂದು ಕಾರು ಹೊರಡಿಸುವ ಹೊತ್ತಿಗೆ ಸಂಜೆ ನಾಲ್ಕಾಗುವುದು ಖಚಿತವಿತ್ತು. ಮಡಿಕೇರಿ ಸೇರಲು ಮೂರು ಗಂಟೆ ಬೇಕು. “ದಾರಿಯಲ್ಲೇ ಕೇಳಿದರಾಯ್ತು ಬಿಡಪ್ಪ. ಕಾರಲ್ಲಿ ರೇಡಿಯೊ ಇದೆಯಲ್ಲ” ಎಂದರು ತಾಯಿಯವರು. ಹಾಗೆಂದು ನಿರ್ಧಾರವಾಯಿತು.

ಹುಣಸೂರಿನಲ್ಲಿ ಆರಿದ ದೀಪ

ಕಾರು ಹಳೆಯದು, ಇನ್ನೊಬ್ಬರಿಂದ ಕೊಂಡದ್ದು. ಅದರ ರೇಡಿಯೊ ಪೆಟ್ಟಿಗೆಯನ್ನು ಹಿಂದಿನ ಮಾಲೀಕರು ಯಾವುದೋ ಅಂಗಡಿಯಲ್ಲಿ ಕೂರಿಸಿದ್ದರು. ಬಿಳಿಕೆರೆಯವರೆಗೂ ಮೈಸೂರು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ಸೇತುವೆಗೆ ಮೊದಲು ಚಹಾಕ್ಕೆಂದು ನಿಲ್ಲಿಸಿ ಮತ್ತೆ ಹೊರಟಾಗ ಪೆಟ್ಟಿಗೆಯ ದೀಪವೇ ಹೊತ್ತಲಿಲ್ಲ. ಗುಂಡಿ ಒತ್ತಿದರೂ ತಿರುಗಿಸಿದರೂ ಒಂದು ಸದ್ದಿಲ್ಲ. ಹಿಂದಿನ ಆಸನದಲ್ಲಿ ತಾಯಿಯವರು, “ಯಾಕಪ್ಪ, ನಿಲ್ಲಿಸಿಬಿಟ್ಟಿರಾ?” ಎಂದು ಕೇಳಿದರು.

ಇಂಥ ಸಮಯದಲ್ಲಿ ಪೆಟ್ಟಿಗೆಯನ್ನು ಗುದ್ದಿ ನೋಡುವುದು ಸಾಮಾನ್ಯ. ಅದರಿಂದ ಪ್ರಯೋಜನವಿಲ್ಲ. ಮೊದಲು ನೋಡಬೇಕಾದುದು ಕೆಟ್ಟಿರುವುದು ರೇಡಿಯೊ ಒಂದೇ ಆಗಿದೆಯೇ, ಅಥವಾ ಅದರೊಡನೆ ಬೇರೆ ಯಾವುದಾದರೂ ನಿಂತಿದೆಯೇ ಎಂಬುದನ್ನು. ಮಗನು ಹಾರ್ನ್ ಒತ್ತಿದನು, ಕೂಗಿತು. ದೀಪಗಳು ಹೊತ್ತಿದುವು. ಮೊಬೈಲಿಗೆ ವಿದ್ಯುತ್ ತುಂಬುವ ಕುಳಿಗೆ ಚಾರ್ಜರನ್ನು ಚುಚ್ಚಿದರೆ ಅದು ಮಾತ್ರ ಸತ್ತಿತ್ತು. ರೇಡಿಯೊ ಮತ್ತು ಆ ಕುಳಿ ಎರಡಕ್ಕೂ ಒಂದೇ ಫ್ಯೂಸ್ ಇರುವುದು ಅನೇಕ ಕಾರುಗಳಲ್ಲಿ ವಾಡಿಕೆ. ಎರಡೂ ಒಟ್ಟಿಗೆ ನಿಂತವೆಂದರೆ ಸಂಶಯವು ಫ್ಯೂಸಿನ ಮೇಲೆ ಹೋಗಬೇಕು, ರೇಡಿಯೊವಿನ ಮೇಲಲ್ಲ.

ಸ್ಟಿಯರಿಂಗಿನ ಕೆಳಗೆ ಮೊಣಕಾಲಿನ ಬಳಿ ಫ್ಯೂಸುಗಳ ಪೆಟ್ಟಿಗೆ. ಅದರ ಮುಚ್ಚಳದ ಒಳಮೈಯಲ್ಲಿ ಯಾವ ಫ್ಯೂಸು ಯಾವುದಕ್ಕೆಂಬ ನಕ್ಷೆಯಿರುತ್ತದೆ. ಫ್ಯೂಸುಗಳಿಗೆ ಬಣ್ಣದ ಭಾಷೆಯಿದೆ. ಕೆಂಪು ೧೦ ಆಂಪಿಯರಿನದು, ನೀಲಿ ೧೫ರದು, ಹಳದಿ ೨೦ರದು. ನೀಲಿ ಫ್ಯೂಸೊಂದನ್ನು ಕಿತ್ತು ಬೆಳಕಿಗೆ ಹಿಡಿದಾಗ ಅದರೊಳಗಿನ ತಂತಿ ಕರಗಿ ತುಂಡಾಗಿದ್ದುದು ಕಂಡಿತು. ಮುಚ್ಚಳದಲ್ಲಿಯೇ ಬಿಡಿ ಫ್ಯೂಸೊಂದಿತ್ತು. ಅದನ್ನು ಕೂರಿಸಿ ಕೀಲಿ ತಿರುಗಿಸಿದೊಡನೆ ರೇಡಿಯೊವಿನ ದೀಪ ಒಂದು ಕ್ಷಣ ಮಿನುಗಿ ಆರಿತು. ಹೊಸ ಫ್ಯೂಸೂ ಹೋಯಿತು.

ಚಹಾದ ಅಂಗಡಿಯ ಮುಂದೆ ನಿಂತಿದ್ದ ಹುಡುಗನೊಬ್ಬನು, “ಬೀಡಿ ಕಟ್ಟಿನ ಬೇಗಡೆ ಸುತ್ತಿ ಹಾಕಿ ಸಾರ್, ಓಡುತ್ತೆ” ಎಂದು ಸಲಹೆಯಿತ್ತನು. ದಾರಿಯಲ್ಲಿ ಹೀಗೆ ಮಾಡುವವರು ಬಹಳ ಮಂದಿ. ಬೇಗಡೆಯನ್ನಾಗಲಿ ತಾಮ್ರದ ತಂತಿಯನ್ನಾಗಲಿ ಹೆಚ್ಚು ಆಂಪಿಯರಿನ ಫ್ಯೂಸನ್ನಾಗಲಿ ಹಾಕಿದರೆ ರೇಡಿಯೊ ಹಾಡಬಹುದು. ಆದರೆ ಫ್ಯೂಸು ಕರಗುವುದು ತಂತಿಗಳು ಕರಗದಿರಲೆಂದು. ಅದನ್ನು ಬಲಪಡಿಸಿದರೆ ಮುಂದೆ ಸುಡುವುದು ಡ್ಯಾಷ್‌ಬೋರ್ಡಿನ ಹಿಂದಿನ ತಂತಿ. ಹೊಗೆ ಕಾಣುವ ವೇಳೆಗೆ ವಾಹನದಲ್ಲಿ ಬೆಂಕಿಯಿರುತ್ತದೆ. ಮುದುಕಿಯೊಬ್ಬರು, ಇಬ್ಬರು ಹೆಂಗಸರು ಕುಳಿತ ಕಾರಿನಲ್ಲಿ ಅಂಥ ಪ್ರಯೋಗಕ್ಕೆ ನಾವು ಒಪ್ಪಲಿಲ್ಲ. ಒಂದೇ ಜಾಗದಲ್ಲಿ ಎರಡು ಬಾರಿ ಫ್ಯೂಸು ಹೋಯಿತೆಂದರೆ ಎಲ್ಲಿಯೋ ತಂತಿ ಮೈಬಿಟ್ಟು ಲೋಹಕ್ಕೆ ತಾಗುತ್ತಿದೆಯೆಂದು ಅರ್ಥ. ಅದನ್ನು ಬಲ್ಲವರಿಂದ ನೋಡಿಸಬೇಕು.

ಸೊಸೆಯು ತನ್ನ ಮೊಬೈಲನ್ನು ತೆಗೆದು, “ಅತ್ತೆ, ಇದರಲ್ಲೇ ಮಡಿಕೇರಿ ಬರುತ್ತೆ ಅಂತ ಅಜ್ಜಿಗೆ ಹೇಳಿ” ಎಂದಳು. ನಿಜವೇ. ಆದರೆ ಆನೆಕಾಡಿನ ಬಳಿಯೂ ಅದರಾಚೆಯ ತಿರುವುಗಳಲ್ಲಿಯೂ ಮೊಬೈಲಿನ ಸಂಪರ್ಕ ಕಡಿದುಹೋಗುವುದು ನಮಗೆ ಹಿಂದಿನ ಪ್ರಯಾಣಗಳಿಂದ ಗೊತ್ತಿತ್ತು. ಕಾರ್ಯಕ್ರಮದ ಹೊತ್ತಿಗೆ ನಾವು ಇರುವುದು ಅಲ್ಲಿಯೇ.

ಪಿರಿಯಾಪಟ್ಟಣದ ಕುಶಲಿ

ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ಕಾರಿನಲ್ಲಿ ಮಾತು ಕಡಿಮೆಯಾಯಿತು. ಹಂಗಾಮು ಮುಗಿದು ಬೆಂಕಿ ಆರಿದ ಬ್ಯಾರನ್ನುಗಳು ಇಳಿಬಿಸಿಲಿನಲ್ಲಿ ಕೆಂಪಗೆ ನಿಂತಿದ್ದವು. ತಾಯಿಯವರು ಎರಡು ಬಾರಿ ಗಂಟೆ ಎಷ್ಟೆಂದು ಕೇಳಿದರು. ಪಿರಿಯಾಪಟ್ಟಣ ಮುಟ್ಟಿದಾಗ ಆರಕ್ಕೆ ಕಾಲುಗಂಟೆಯಿತ್ತು. ರಸ್ತೆಯ ಬದಿಗೆ ಬ್ಯಾಟರಿಗಳನ್ನು ಸಾಲಾಗಿಟ್ಟ ಒಂದು ಪುಟ್ಟ ಅಂಗಡಿ; ವಾಹನಗಳ ವಿದ್ಯುತ್ ಕೆಲಸ ಮಾಡುವವರು. ಬಾಗಿಲು ಹಾಕಲು ಹೊರಟಿದ್ದ ಆ ವೃದ್ಧರಿಗೆ ವಿಷಯವನ್ನು ತಿಳಿಸಿದೆವು. ಅವರು ಹಿಂದಿನ ಆಸನದಲ್ಲಿ ಕುಳಿತವರನ್ನೊಮ್ಮೆ ನೋಡಿ, “ಎಷ್ಟೊತ್ತಿಗೆ ಯಜಮಾನರೆ?” ಎಂದು ಮಾತ್ರ ಕೇಳಿ ಕೆಲಸಕ್ಕೆ ತೊಡಗಿದರು.

ಅವರ ಉಪಕರಣವೆಂದರೆ ತುದಿಯಲ್ಲಿ ಮೊಳೆಯೂ ಹಿಡಿಯಲ್ಲಿ ಪುಟ್ಟ ಬಲ್ಬೂ ಇದ್ದ ಟೆಸ್ಟ್ ಲ್ಯಾಂಪ್ ಒಂದೇ. ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಡಿಸಿದರು. ಬಳಿಕ ರೇಡಿಯೊ ಪೆಟ್ಟಿಗೆಯನ್ನು ಅದರ ಗೂಡಿನಿಂದ ಮೆಲ್ಲನೆ ಹೊರಗೆಳೆದರು. ಹಿಂಬದಿಯ ತಂತಿಗಳ ಗುಂಪಿನಲ್ಲಿ ಮೂರನ್ನು ಬೆರಳಿನಿಂದ ಬೇರ್ಪಡಿಸಿ ನಮಗೆ ತೋರಿಸಿದರು. ಹೊರಗಿನ ಅಂಗಡಿಗಳಲ್ಲಿ ಕೂರಿಸುವ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕಪ್ಪು ತಂತಿಯು ಕಾರಿನ ಮೈಗೆ ಕಟ್ಟುವ ಅರ್ತಿಂಗ್. ಕೆಂಪು ತಂತಿಗೆ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುತ್ತದೆ. ಹಳದಿಯದರಲ್ಲಿ ಸದಾಕಾಲ ವಿದ್ಯುತ್ತಿರುತ್ತದೆ. ಗಡಿಯಾರವನ್ನೂ ನಾವು ಆರಿಸಿಟ್ಟ ಕೇಂದ್ರಗಳನ್ನೂ ಪೆಟ್ಟಿಗೆ ನೆನಪಿನಲ್ಲಿಟ್ಟುಕೊಳ್ಳುವುದು ಅದರ ಬಲದಿಂದ. ರೇಡಿಯೊ ಹಾಡುತ್ತದೆ, ಆದರೆ ದಿನವೂ ಕೇಂದ್ರಗಳನ್ನು ಮರೆಯುತ್ತದೆ ಎಂದಾದರೆ ದೋಷ ಹಳದಿಯಲ್ಲಿ. ನೆನಪು ಇದೆ, ಆದರೆ ಏಳುವುದೇ ಇಲ್ಲವೆಂದರೆ ಕೆಂಪಿನಲ್ಲಿ. ಎಂಜಿನ್ನಿನ ವೇಗದೊಡನೆ ಏರುವ ಇಳಿಯುವ ಕೀರಲು ಸದ್ದು ಕೇಳಿದರೆ ಕಪ್ಪು ತಂತಿಯ ಹಿಡಿತ ಸಡಿಲವಾಗಿದೆಯೇ ಎಂದು ಮೊದಲು ನೋಡಬೇಕು.

ನಮ್ಮ ಪೆಟ್ಟಿಗೆಯಲ್ಲಿ ದೋಷವಿದ್ದುದು ಹಳದಿ ತಂತಿಯ ಬೆಸುಗೆಯಲ್ಲಿ. ಅದನ್ನು ಬೆಸುಗೆಯೆನ್ನುವುದೂ ತಪ್ಪು. ಎರಡು ತಂತಿಗಳನ್ನು ಹೊಸೆದು ಮೇಲೆ ಟೇಪು ಸುತ್ತಿದ್ದರು. ಹತ್ತು ಬೇಸಗೆಗಳ ಬಿಸಿಗೆ ಟೇಪಿನ ಅಂಟು ಒಣಗಿ ಜಾರಿ, ಬೆತ್ತಲಾದ ತಾಮ್ರ ಗೂಡಿನ ಲೋಹದ ಅಂಚಿಗೆ ತಾಗುತ್ತಿತ್ತು. ಹಳ್ಳಕೊಳ್ಳದಲ್ಲಿ ಕಾರು ಕುಲುಕಿದಾಗ ಅದು ಪೂರ್ತಿಯಾಗಿ ಒರಗಿಕೊಂಡಿತ್ತು. ವೃದ್ಧರು ಅದನ್ನು ಬಿಡಿಸಿ, ಬೆಸೆದು, ರಬ್ಬರಿನ ಕೊಳವೆ ತೊಡಿಸಿ, ಅಂಚಿನಿಂದ ದೂರಕ್ಕೆ ಕಟ್ಟಿದರು. ಹೊಸ ನೀಲಿ ಫ್ಯೂಸು ಹಾಕಿ ಬ್ಯಾಟರಿಯನ್ನು ಜೋಡಿಸಿದಾಗ ದೀಪ ಹೊತ್ತಿತು. ಗಡಿಯಾರ ಹನ್ನೆರಡು ಗಂಟೆ ತೋರಿಸಿತು. ಫ್ಯೂಸು ನಿಂತಿತು.

ಆದರೆ ಧ್ವನಿ ಬರಲಿಲ್ಲ. ‘ಸುಂಯ್’ ಎಂಬ ಮೊರೆತ ಮಾತ್ರ. ಆಗ ಗಂಟೆ ಆರಾಗಿ ಐದು ನಿಮಿಷ.

ಮಗನ ಮುಖ ಬಾಡಿತು. ವೃದ್ಧರು ಅವಸರಪಡಲಿಲ್ಲ. “ಪೆನ್‌ಡ್ರೈವ್ ಇದ್ರೆ ಹಾಕಿ” ಎಂದರು. ಹಾಡು ನಿರ್ಮಲವಾಗಿ ಕೇಳಿಸಿತು. ಅಂದಮೇಲೆ ಸ್ಪೀಕರುಗಳು ಸರಿಯಾಗಿವೆ, ಧ್ವನಿವರ್ಧಕ ಸರಿಯಾಗಿದೆ. ಅನಂತರ ಪೆಟ್ಟಿಗೆಯ ಹಿಂದಿನಿಂದ ಆಂಟೆನಾದ ತಂತಿಯನ್ನು ಕಿತ್ತು, ಆ ರಂಧ್ರದ ನಡುವೆ ಒಂದು ಮೊಳದುದ್ದದ ಬಿಡಿ ತಂತಿಯನ್ನು ತೂರಿಸಿ ಗುಂಡಿ ತಿರುಗಿಸಿದರು. ೧೦೩.೧ರಲ್ಲಿ ಮೊರೆತದ ನಡುವಿನಿಂದ ಮಂದವಾಗಿ ಒಂದು ಮನುಷ್ಯಧ್ವನಿ ಮೂಡಿತು. “ಪೆಟ್ಟಿಗೆ ಚೆನ್ನಾಗಿದೆ. ಮೇಲೆ ಕಡ್ಡಿ ಕೆಟ್ಟಿದೆ” ಎಂದರು.

ದೋಷವನ್ನು ಹುಡುಕುವ ಈ ಕ್ರಮ ನಮ್ಮ ಮನಸ್ಸಿಗೆ ಬಹಳ ಹಿಡಿಸಿತು. ಸರಪಳಿಯನ್ನು ನಡುವೆ ಮುರಿದು, ಈಚೆಯ ಭಾಗ ಸರಿಯಿದೆಯೇ, ಆಚೆಯದೇ ಎಂದು ಪರೀಕ್ಷಿಸುತ್ತ ಹೋದರೆ ದೋಷವಿರುವ ಎಡೆ ಕಿರಿದಾಗುತ್ತ ಬರುತ್ತದೆ. ಏನೊಂದನ್ನೂ ಊಹೆಯ ಮೇಲೆ ಬದಲಿಸಬೇಕಾಗುವುದಿಲ್ಲ, ಹಣವೂ ವ್ಯರ್ಥವಾಗುವುದಿಲ್ಲ. ಹೊಸ ಪೆಟ್ಟಿಗೆ ಕೊಳ್ಳಿರಿ ಎಂದು ಅವರು ಒಮ್ಮೆಯೂ ಹೇಳಲಿಲ್ಲ.

ಕಾರಿನ ಮಾಡಿನ ಮೇಲಿದ್ದ ಕಡ್ಡಿಯ ಬುಡವನ್ನು ತಿರುಗಿಸಿ ಕಳಚಿದಾಗ ಒಳಗೆಲ್ಲ ಹಸಿರು ಕಿಲುಬು. ಮಳೆಗಾಲದ ನೀರು ಇಳಿದಿತ್ತು. ಮರಳು ಕಾಗದದಿಂದ ಉಜ್ಜಿ, ಒರೆಸಿ, ಬಿಗಿಯಾಗಿ ತಿರುಚಿದರು. ಎಫ್.ಎಂ. ಅಲೆಯ ಉದ್ದ ಸುಮಾರು ಮೂರು ಮೀಟರು. ಅದರ ಕಾಲುಭಾಗ, ಎಂದರೆ ಮುಕ್ಕಾಲು ಮೀಟರಿನ ಕಡ್ಡಿಯು ಅದನ್ನು ಚೆನ್ನಾಗಿ ಹಿಡಿಯುತ್ತದೆ. ಕಡ್ಡಿ ಮುರಿದಿದ್ದರೆ, ಬುಡ ತುಕ್ಕು ಹಿಡಿದಿದ್ದರೆ ಎಷ್ಟು ಬೆಲೆಯ ಪೆಟ್ಟಿಗೆಯಿದ್ದರೂ ಕಿವುಡಾಗಿರುತ್ತದೆ. ಇನ್ನೊಂದು ಗುಂಡಿಯನ್ನೂ ಅವರು ಒತ್ತಿದರು. ‘ಲೋಕಲ್’ ಎಂಬ ಆ ಗುಂಡಿ ಚಾಲೂ ಇದ್ದರೆ ಪೆಟ್ಟಿಗೆಯು ಹುಡುಕುವಾಗ ಬಲವಾದ ಕೇಂದ್ರಗಳಲ್ಲಿ ಮಾತ್ರ ನಿಂತು, ದೂರದ ದುರ್ಬಲ ಕೇಂದ್ರಗಳನ್ನು ಹಾರಿಸಿ ಹೋಗುತ್ತದೆ. ಊರು ಬಿಟ್ಟು ಹೊರಟವರು ಅದನ್ನು ಆರಿಸಿಡಬೇಕು.

ನೂರೈವತ್ತು ರೂಪಾಯಿ ಕೇಳಿದರು. ಹೆಚ್ಚು ಕೊಡಹೋದಾಗ ಕೈ ಅಡ್ಡ ಹಿಡಿದು, “ಹೊರಡಿ, ಅಮ್ಮನವರಿಗೆ ತಡ ಆಗುತ್ತೆ” ಎಂದರು.

ಬೋಯಿಕೇರಿಯ ತಿರುವು

ಬೈಲಕುಪ್ಪೆಯ ಟಿಬೆಟಿಯನ್ನರ ನೆಲೆಯನ್ನು ಬದಿಗಿಟ್ಟು, ಕೊಪ್ಪದ ಸೇತುವೆಯಲ್ಲಿ ಕಾವೇರಿಯನ್ನು ದಾಟಿ ಕುಶಾಲನಗರ ಸೇರಿದಾಗ ಪೂರ್ಣ ಕತ್ತಲಾಗಿತ್ತು. ಮಡಿಕೇರಿಯ ಧ್ವನಿ ಈಗ ತಕ್ಕಮಟ್ಟಿಗೆ ಸ್ಪಷ್ಟ. ಸಮುದ್ರಮಟ್ಟದಿಂದ ಸುಮಾರು ೧,೧೫೦ ಮೀಟರು ಎತ್ತರದಲ್ಲಿರುವ ಊರಿನಿಂದ ಹೊರಟ ಅಲೆಗಳು ಪೂರ್ವದ ಬಯಲಿನತ್ತ ದೂರದವರೆಗೆ ಇಳಿದು ಬರುತ್ತವೆ. ಆನೆಕಾಡಿನಲ್ಲಿ ಸೊಸೆಯ ಮೊಬೈಲು ನಾವು ಎಣಿಸಿದಂತೆಯೇ ಮೂಕವಾಯಿತು. ಸುಂಟಿಕೊಪ್ಪದ ಪೇಟೆಯನ್ನು ದಾಟುತ್ತಿದ್ದಂತೆ ಉದ್ಘೋಷಕಿಯು ಮಾವನ ಹೆಸರನ್ನು ಹೇಳಿದಳು.

ತಾಯಿಯವರು ಮುಂದಿನ ಆಸನದ ಬೆನ್ನು ಹಿಡಿದು ಬಾಗಿ ಕುಳಿತರು. ಮಾವನ ಧ್ವನಿ ಬಂತು. ಸೆಪ್ಟೆಂಬರಿನ ಧ್ವನಿ, ತುಂಬುದನಿ, ನಡುನಡುವೆ ಅವರದೇ ಆದ ಗಂಟಲು ಸರಿಮಾಡಿಕೊಳ್ಳುವ ಸದ್ದು. ಮೆಣಸಿನ ಬಳ್ಳಿಯ ಸೊರಗು ರೋಗದ ಬಗ್ಗೆ ಹೇಳುತ್ತಿದ್ದರು. ಮಳೆಗೆ ಮೊದಲೇ ಶೇಕಡಾ ೧ರ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಬಳ್ಳಿಯ ಬುಡದಲ್ಲಿ ನೀರು ನಿಲ್ಲಗೊಡಬಾರದು. ಎಲೆ ಹಳದಿಯಾದಾಗ ಎಲೆಯನ್ನು ನೋಡಿದರೆ ಸಾಲದು, ಬೇರನ್ನು ನೋಡಬೇಕು ಎಂದರು.

ಕೆದಕಲ್ ದಾಟಿ ಬೋಯಿಕೇರಿಯ ಬಳಿ ರಸ್ತೆ ಬೆಟ್ಟದ ಮಗ್ಗುಲಿಗೆ ತಿರುಗಿದಾಗ ಧ್ವನಿ ಒಡೆದು ಮೊರೆತವೆದ್ದಿತು. “ಅಯ್ಯೋ, ಮತ್ತೆ ಹೋಯ್ತೇನಪ್ಪ!” ಎಂದು ತಾಯಿಯವರು ಚೀರಿದಂತೆ ಹೇಳಿದರು. ಮಗನ ಕೈ ಪೆಟ್ಟಿಗೆಯತ್ತ ಹೋಯಿತು. ಪೆಟ್ಟಿಗೆಯಲ್ಲಿ ಈಗ ದೋಷವಿರಲಾರದೆಂಬುದು ಪಿರಿಯಾಪಟ್ಟಣದ ಪಾಠದ ಬಲದಿಂದ ನಮಗೆ ನಿಶ್ಚಯವಾಗಿತ್ತು. ಎಫ್.ಎಂ. ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಅಡ್ಡ ಬಂದ ಗುಡ್ಡದ ಹಿಂದೆ ಅವುಗಳ ನೆರಳು ಬೀಳುತ್ತದೆ. ಅಲ್ಲದೆ ನೇರವಾಗಿ ಬಂದ ಅಲೆಯೂ ಎದುರು ಗುಡ್ಡಕ್ಕೆ ತಾಗಿ ಮರಳಿದ ಅಲೆಯೂ ಕೂಡಿದಾಗ ಒಂದು ಕಡೆ ಧ್ವನಿ ಅಳಿಯುತ್ತದೆ, ಎರಡು ಮೂರು ಮೊಳ ಆಚೆಗೆ ಬೆಳೆಯುತ್ತದೆ. ಗುಂಡಿ ಮುಟ್ಟಬೇಡವೆಂದೂ, ತಿರುವು ಕಳೆದು ಬದಿಯಲ್ಲಿ ತೆರವು ಕಂಡ ಕಡೆ ನಿಲ್ಲಿಸೆಂದೂ ಹೇಳಿದೆವು. ಅಂಗಡಿಯೊಂದರ ಮುಂದೆ ಕಾರು ನಿಂತಿತು, ಮೊರೆತವೇ. ಇನ್ನೊಂದಿಷ್ಟು ಮುಂದಕ್ಕೆ ಜರುಗಿಸಿದನು. ಮಾವನ ಧ್ವನಿ ಹತ್ತಿರದಲ್ಲಿ ಕುಳಿತು ಮಾತಾಡುವಷ್ಟು ಸ್ಪಷ್ಟವಾಯಿತು.

ಎಂಜಿನ್ ಆರಿಸಿ ಕೇಳಿದೆವು. ಹೊರಗೆ ಮಂಜು ಇಳಿಯುತ್ತಿತ್ತು. ಉಳಿದದ್ದು ಆರೇಳು ನಿಮಿಷವಿರಬಹುದು. ಕೊನೆಯಲ್ಲಿ ಉದ್ಘೋಷಕಿಯು, ನಿಮಗೆ ಈ ಕೃಷಿಯನ್ನು ಕಲಿಸಿದವರಾರು ಎಂದು ಕೇಳಿದಳು. ಮಾವ, ತಂದೆ ಬೇಗ ತೀರಿಕೊಂಡದ್ದರಿಂದ ತಾನೂ ತನ್ನ ತಂಗಿಯೂ ಬಳ್ಳಿ ಕಟ್ಟುತ್ತ ಕಟ್ಟುತ್ತ ತಾವೇ ಕಲಿತೆವೆಂದು ಹೇಳಿದರು. ತಾಯಿಯವರು ಏನೂ ಮಾತಾಡಲಿಲ್ಲ. ಕಾರ್ಯಕ್ರಮ ಮುಗಿದು ವಾದ್ಯಸಂಗೀತ ಆರಂಭವಾದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ನಡಿಯಪ್ಪ” ಎಂದರು.

ಮಡಿಕೇರಿಯ ಮನೆಯಲ್ಲಿ ಮಾವನ ಹಾಸಿಗೆಯ ಬಳಿಯೂ ರೇಡಿಯೊ ಇತ್ತು. ಅವರೂ ತಮ್ಮ ಮಾತನ್ನು ತಾವು ಕೇಳಿದ್ದರು. ತಾಯಿಯವರು ಅವರ ಕೈಯನ್ನು ತಡವಿ ಹಿಡಿದು, “ಕೇಳಿದೆ ಅಣ್ಣಯ್ಯ, ಎಲ್ಲಾ ಕೇಳಿದೆ” ಎಂದಾಗ ಅವರು ತೊದಲುತ್ತ ಏನನ್ನೋ ಹೇಳಿದರು. ನಮಗೆ ಯಾರಿಗೂ ತಿಳಿಯಲಿಲ್ಲ. ತಾಯಿಯವರಿಗೆ ಮಾತ್ರ ತಿಳಿದಂತೆ ತೋರಿತು. ಅವರಿಬ್ಬರೂ ಬಹಳ ಹೊತ್ತು ಹಾಗೆಯೇ ಕುಳಿತಿದ್ದರು.

ಘಟ್ಟದ ಮೌನ

ಎರಡು ದಿನಗಳ ಬಳಿಕ ಮಂಗಳೂರಿನ ನೆಂಟರಲ್ಲಿಗೆ ಹೋಗುವ ಸಲುವಾಗಿ ಸಂಪಾಜೆಯ ಘಟ್ಟವನ್ನು ಇಳಿದೆವು. ೨೦೧೮ರ ಆಗಸ್ಟಿನ ಮಹಾಮಳೆಯಲ್ಲಿ ಜೋಡುಪಾಲ, ಮೊಣ್ಣಂಗೇರಿಗಳ ಸುತ್ತ ಗುಡ್ಡಗಳು ಕುಸಿದು, ಮನೆ ತೋಟಗಳು ಕೊಚ್ಚಿಹೋಗಿ, ಈ ರಸ್ತೆಯೇ ಕಡಿದುಹೋದ ಸಂಗತಿಯನ್ನು ಓದುಗರು ಮರೆತಿರಲಾರರು. ಅಂದಿನಿಂದ ಮಳೆಗಾಲದಲ್ಲಿ ಈ ದಾರಿ ಹಿಡಿಯುವವರು ಹೊರಡುವ ಮೊದಲು ಸುದ್ದಿ ಕೇಳುವ ಅಭ್ಯಾಸ ಮಾಡಿಕೊಂಡಿದ್ದಾರೆ. ವಿದ್ಯುತ್ತು ಹೋಗಿ ಮೊಬೈಲಿನ ಗೋಪುರಗಳು ನಿಂತಾಗ ಬ್ಯಾಟರಿಯಿಂದ ನಡೆಯುವ ರೇಡಿಯೊವೊಂದು ಕಾರಿನಲ್ಲಿಯೋ ಮನೆಯಲ್ಲಿಯೋ ಇದ್ದರೆ, ಪ್ರಸಾರ ನಡೆಯುತ್ತಿರುವವರೆಗೆ ಸುದ್ದಿಗೆ ಒಂದು ಬಾಗಿಲು ತೆರೆದಿರುತ್ತದೆ. ರೇಡಿಯೊವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಬರಿಯ ಮನರಂಜನೆಯ ಮಾತಲ್ಲ.

ಘಟ್ಟದ ಇಳಿಜಾರಿನಲ್ಲಿ ಮಡಿಕೇರಿಯ ಧ್ವನಿ ತಿರುವಿಗೊಮ್ಮೆ ಬಂದು ಹೋಗಿ, ಕೊನೆಗೆ ನಿಂತೇಹೋಯಿತು. ಮಂಗಳೂರು ಇನ್ನೂ ಬಂದಿರಲಿಲ್ಲ. ಆ ಮೊರೆತವನ್ನು ಕೇಳಿ ಈ ಬಾರಿ ಯಾರೂ ಗಾಬರಿಯಾಗಲಿಲ್ಲ. ಗುಡ್ಡಗಳ ನಡುವಿನ ಮೌನ ಗುಡ್ಡಗಳದು, ಪೆಟ್ಟಿಗೆಯದಲ್ಲವೆಂದು ತಾಯಿಯವರೇ ಸೊಸೆಗೆ ವಿವರಿಸುತ್ತಿದ್ದರು. ಘಟ್ಟ ಇಳಿದು ಮುಂದೆ ಸಾಗಿದಂತೆ ೧೦೦.೩ರಲ್ಲಿ ಮೊದಲು ತೇಲಿತೇಲಿ, ಪುತ್ತೂರಿನ ಹೊತ್ತಿಗೆ ಗಟ್ಟಿಯಾಗಿ, ಮಂಗಳೂರು ನಮ್ಮನ್ನು ಸ್ವಾಗತಿಸಿತು.

ಹಿಂದೆ ಕಾರುಗಳಲ್ಲಿ ಮಧ್ಯಮ ತರಂಗವನ್ನೇ ಹೆಚ್ಚು ಕೇಳುತ್ತಿದ್ದ ಕಾಲದಲ್ಲಿ ಕಷ್ಟಗಳು ಬೇರೆಯಾಗಿದ್ದವು. ಆ ಉದ್ದನೆಯ ಅಲೆಗಳು ನೆಲವನ್ನು ಅನುಸರಿಸಿ ಗುಡ್ಡಗಳನ್ನು ಬಳಸಿ ಬರುತ್ತಿದ್ದವು. ರಾತ್ರಿಯಾದರೆ ಮೇಲಣ ವಾಯುಮಂಡಲದಿಂದ ಪ್ರತಿಫಲಿಸಿ ನೂರಾರು ಮೈಲಿ ದೂರದ ಕೇಂದ್ರಗಳೂ ಕೇಳಿಸುತ್ತಿದ್ದವು. ಬದಲಿಗೆ ವಿದ್ಯುತ್ ತಂತಿಗಳ ಕೆಳಗೆ ಹಾದಾಗ ಗೊರಗೊರ ಸದ್ದು, ಮಿಂಚಿದರೆ ಸಿಡಿತ. ಎಫ್.ಎಂ. ಆ ಸದ್ದುಗಳನ್ನು ಬಹುಮಟ್ಟಿಗೆ ಕಳೆದು ನಿರ್ಮಲವಾದ ಧ್ವನಿಯನ್ನು ಕೊಟ್ಟಿತು. ಪ್ರತಿಯಾಗಿ ಗುಡ್ಡದ ಹಿಂದಿನವರನ್ನು ದೂರವಿಟ್ಟಿತು.

ಪ್ರಯಾಣ ಹೊರಡುವ ಮುನ್ನ

ಕುಟುಂಬ ಸಮೇತ ಕಾರಿನಲ್ಲಿ ಹೊರಡುವವರಿಗೆ ಉಪಯೋಗವಾದೀತೆಂದು ಕೆಲವು ಮಾತುಗಳನ್ನು ಇಲ್ಲಿ ಸಂಗ್ರಹಿಸಿ ಹೇಳುತ್ತೇವೆ. ಫ್ಯೂಸಿನ ಪೆಟ್ಟಿಗೆಯಲ್ಲಿ ಪ್ರತಿ ಬಣ್ಣದ ಎರಡೆರಡು ಬಿಡಿ ಫ್ಯೂಸುಗಳಿರಲಿ. ಹೋದ ಫ್ಯೂಸಿನ ಜಾಗಕ್ಕೆ ಅದೇ ಬಣ್ಣದ್ದನ್ನೇ ಹಾಕಬೇಕು. ಬ್ಯಾಟರಿ ಬದಲಿಸಿದ ಮೇಲೆ ಕೆಲವು ಕಂಪನಿಯ ಪೆಟ್ಟಿಗೆಗಳು ಗುಪ್ತ ಸಂಖ್ಯೆಯನ್ನು ಕೇಳುತ್ತವೆ. ಕಳ್ಳತನ ತಡೆಯಲು ಮಾಡಿದ ಏರ್ಪಾಡು ಅದು, ಪೆಟ್ಟಿಗೆ ಕೆಟ್ಟಿಲ್ಲ. ವಾಹನದ ಕಾಗದಪತ್ರಗಳ ಜೊತೆಗೆ ಆ ಸಂಖ್ಯೆಯನ್ನು ಮನೆಯಲ್ಲಿ ಭದ್ರವಾಗಿ ಇಟ್ಟಿರಬೇಕು. ತಿಳಿಯದೆ ಬಾರಿಬಾರಿಗೂ ತಪ್ಪು ಸಂಖ್ಯೆ ಒತ್ತಿದರೆ ಪೆಟ್ಟಿಗೆ ಬೀಗ ಹಾಕಿಕೊಳ್ಳುತ್ತದೆ. ಈಚಿನ ಕಾರುಗಳಲ್ಲಿ ಪರದೆಯ ಪೆಟ್ಟಿಗೆಗಳು ಕೆಲವೊಮ್ಮೆ ಮಂಕು ಬಡಿದಂತೆ ನಿಂತರೆ ವಾಹನವನ್ನು ಪೂರ್ತಿಯಾಗಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊರಡಿಸಿದರೆ ಎಷ್ಟೋ ಬಾರಿ ಸರಿಹೋಗುತ್ತವೆ. ಆದರೆ ಏರ್‌ಬ್ಯಾಗ್ ಇರುವ ವಾಹನಗಳಲ್ಲಿ ಡ್ಯಾಷ್‌ಬೋರ್ಡನ್ನು ಬಿಚ್ಚುವ ಸಾಹಸವನ್ನು ನಾವು ಮಾಡದೆ ಬಲ್ಲವರಿಗೆ ಬಿಡುವುದೇ ಕ್ಷೇಮ.

ಹೋಗುವ ದಾರಿಯ ಕೇಂದ್ರಗಳ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಕಾರಿನಲ್ಲಿಡುವುದು ಸುಲಭ. ಬೆಂಗಳೂರಿನಲ್ಲಿ ೧೦೧.೩ ಮತ್ತು ೧೦೨.೯, ಮೈಸೂರಿನಲ್ಲಿ ೧೦೦.೬, ಹಾಸನದಲ್ಲಿ ೧೦೨.೨, ಚಿತ್ರದುರ್ಗದಲ್ಲಿ ೧೦೨.೬, ಮಡಿಕೇರಿಯಲ್ಲಿ ೧೦೩.೧, ಮಂಗಳೂರಿನಲ್ಲಿ ೧೦೦.೩ ಎಂದು ನಮ್ಮ ಚೀಟಿಯಲ್ಲಿದೆ. ರೇಡಿಯೊ ಮೌನವಾದಾಗ ಮೊದಲು ದೀಪ ನೋಡಿರಿ. ದೀಪವಿಲ್ಲದಿದ್ದರೆ ಫ್ಯೂಸು ನೋಡಿರಿ. ದೀಪವಿದ್ದು ಯಾವ ಸದ್ದೂ ಇಲ್ಲದಿದ್ದರೆ ಸ್ಪೀಕರಿನ ತಂತಿ. ಪೆನ್‌ಡ್ರೈವಿನ ಹಾಡು ಬಂದು ರೇಡಿಯೊ ಮಾತ್ರ ಮೊರೆದರೆ ಆಂಟೆನಾದ ಕಡ್ಡಿ. ಎಲ್ಲವೂ ಸರಿಯಿದ್ದರೆ ತಲೆಯೆತ್ತಿ ಸುತ್ತಲಿನ ಗುಡ್ಡಗಳನ್ನು ನೋಡಿರಿ.

ಮನೆಯಲ್ಲಿ ಕಣ್ಣು ಮಂದವಾದ ಹಿರಿಯರಿದ್ದರೆ ಅವರ ರೇಡಿಯೊವಿಗೂ ಇದೇ ಕ್ರಮ ಸಲ್ಲುತ್ತದೆ. ಅವರು ‘ಯಾಕೋ ಕೇಳುತ್ತಿಲ್ಲ’ ಎಂದಾಗ, ಹಳೆಯ ಪೆಟ್ಟಿಗೆ ಹೋಗಲಿ ಬಿಡಿ ಎನ್ನದೆ, ಹತ್ತು ನಿಮಿಷ ಕುಳಿತು ಸೆಲ್ಲು, ತಂತಿ, ಕಡ್ಡಿಗಳನ್ನು ಒಂದೊಂದಾಗಿ ನೋಡಿಕೊಡಬೇಕೆಂದು ಕಿರಿಯರಲ್ಲಿ ನಮ್ಮ ವಿನಂತಿ.